ಸಂಜೆ ಐದೂವರೆಗೆ ಸುತ್ತುವ ಪೈಪು

ಕಳೆದ ತಿಂಗಳು ಒಂದು ಭಾನುವಾರ, ಪಫ್ ಸ್ಪ್ರೇ ಇನ್ಸುಲೇಷನ್ ಕೆಲಸ, ಅಂದರೆ ಬಿಸಿ ತಡೆಯಲು ಚಾವಣಿ, ಗೋಡೆಗಳಿಗೆ ಪಾಲಿಯುರೆಥೇನ್ ಫೋಮ್ ಹೊಡೆಯುವ ಕೆಲಸ ಮಾಡುವ ನಾವು ಮೂವತ್ತು ಜನ ಪೀಣ್ಯದ ಒಂದು ಶೆಡ್‌ನಲ್ಲಿ ಸೇರಿದ್ದೆವು. ಕಂಟ್ರಾಕ್ಟರ್‌ಗಳಿದ್ದರು, ಸ್ಪ್ರೇ ಗನ್ ಹಿಡಿಯುವವರಿದ್ದರು, ಮೂರು ನಾಲ್ಕು ಹೆಲ್ಪರ್ ಹುಡುಗರೂ ಬಂದಿದ್ದರು. ಅಲ್ಲಿ ನಾನು ಆಡಿದ ಮಾತನ್ನು ಬರೆದುಕೊಡಿ ಎಂದು ಕೆಲವರು ಕೇಳಿದರು. ಆಡಿದ ಹಾಗೆಯೇ ಬರೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇವತ್ತು ಮಷೀನ್ ಬಗ್ಗೆ ಮಾತಿಲ್ಲ, ಗನ್ ಬಗ್ಗೆಯೂ ಇಲ್ಲ. ಅವೆರಡರ ನಡುವೆ ಬಿದ್ದಿರುವ ಪೈಪಿನ ಬಗ್ಗೆ ಮಾತ್ರ ಮಾತಾಡುತ್ತೇನೆ. ಮಷೀನ್‌ಗೆ ನಾವು ಪೂಜೆ ಮಾಡುತ್ತೇವೆ, ಗನ್ ಅನ್ನು ಮಗುವಿನ ಹಾಗೆ ಬಟ್ಟೆಯಲ್ಲಿ ಸುತ್ತಿ ಇಡುತ್ತೇವೆ, ಪೈಪನ್ನು ಮಾತ್ರ ಎಳೆದು ಟೆಂಪೋ ಒಳಗೆ ಎಸೆಯುತ್ತೇವೆ. ಹದಿನಾಲ್ಕು ವರ್ಷದಲ್ಲಿ ನನ್ನ ಕೈಯಲ್ಲಿ ಹಾಳಾದ ಪೈಪುಗಳನ್ನೆಲ್ಲ ಮೊನ್ನೆ ಒಂದೊಂದಾಗಿ ನೆನಪು ಮಾಡಿಕೊಂಡೆ. ಸ್ಪ್ರೇ ಮಾಡುತ್ತಿರುವಾಗ ಪ್ರೆಷರ್ ತಡೆಯದೆ ಹೋಗಿದ್ದು ಬಹಳ ಕಡಿಮೆ. ಹೆಚ್ಚಿನವು ಸುಮ್ನೆ ಬಿದ್ದಿದ್ದಾಗಲೇ ಹಾಳಾದವು. ರಾತ್ರಿ ಗೋಡೌನ್‌ನಲ್ಲಿ, ಹಬ್ಬದ ರಜೆಯಲ್ಲಿ, ಟೆಂಪೋದಲ್ಲಿ ಡ್ರಮ್ ಕೆಳಗೆ ಸಿಕ್ಕಿಕೊಂಡು, ಮಳೆಗಾಲದಲ್ಲಿ ಬಾಯಿ ತೆರೆದುಕೊಂಡು. ಕೆಲಸ ಪೈಪನ್ನು ಕೊಲ್ಲುವುದಿಲ್ಲ, ಕೆಲಸ ಮುಗಿದ ಮೇಲಿನ ಅರ್ಧ ಗಂಟೆ ಕೊಲ್ಲುತ್ತದೆ. ನನಗೆ ಹೇಳಬೇಕಿರುವುದು ಇದೇ.

ಹೆಲ್ಪರ್ ಹುಡುಗರು ಇದ್ದಾರೆ, ಅದಕ್ಕೇ ಮೊದಲಿಂದ ಹೇಳುತ್ತೇನೆ. ಟೆರೇಸ್ ಇರಲಿ, ಫ್ಯಾಕ್ಟರಿಯ ಶೀಟ್ ಚಾವಣಿ ಇರಲಿ, ಬ್ಯಾಡಗಿ ಕಡೆಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಇರಲಿ, ನಾವು ಹೊಡೆಯುವುದು ಎರಡು ಕೆಮಿಕಲ್. ಒಂದು ಐಸೋ, ಅಂದರೆ ಐಸೋಸೈನೇಟ್, ಇನ್ನೊಂದು ಪಾಲಿಯೋಲ್. ಎರಡೂ ಸಮ ಅಳತೆಯಲ್ಲಿ ಬೇರೆ ಬೇರೆ ಪೈಪಿನಲ್ಲಿ ಬಂದು ಗನ್‌ನಲ್ಲಿ ಮಾತ್ರ ಸೇರುತ್ತವೆ. ಸೇರಿದ ಕೆಲವೇ ಸೆಕೆಂಡಿನಲ್ಲಿ ಉಬ್ಬಿ ಗಟ್ಟಿಯಾಗುತ್ತವೆ. ಗನ್‌ಗೆ ಬರುವ ಹೊತ್ತಿಗೆ ಅವು ಸಾಮಾನ್ಯವಾಗಿ 50 ರಿಂದ 60 ಡಿಗ್ರಿ ಬಿಸಿ ಇರಬೇಕು, ಒತ್ತಡ 1,000 ರಿಂದ 1,500 ಪಿಎಸ್‌ಐ ಇರಬೇಕು. ನಿಮ್ಮ ಕಾರಿನ ಟೈರಿನಲ್ಲಿ ಇರುವುದು 32 ಪಿಎಸ್‌ಐ, ಲೆಕ್ಕ ಹಾಕಿ ನೋಡಿ. ಅಷ್ಟನ್ನು ತಡೆದುಕೊಂಡು, ಬಿಸಿಯನ್ನೂ ಬಿಟ್ಟುಕೊಡದೆ, 200 ಅಡಿ ದೂರ ಕೆಮಿಕಲ್ ಸಾಗಿಸುವುದು ಈ ಪೈಪು.

ಅದರ ಹೊಟ್ಟೆಯಲ್ಲಿ ಏನಿದೆ ಅಂತ ಎಷ್ಟು ಜನ ನೋಡಿದ್ದೀರಿ? ಎರಡು ಪ್ರೆಷರ್ ಹೋಸ್ ಇದೆ. ಅವುಗಳ ಜೊತೆ ಬಿಸಿ ಮಾಡುವ ತಾಮ್ರದ ತಂತಿ ಇದೆ. ಗನ್‌ಗೆ ಗಾಳಿ ಕೊಡುವ ಸಣ್ಣ ಹೋಸ್ ಇದೆ, ಟೆಂಪರೇಚರ್ ಸೆನ್ಸರ್‌ನ ಕೇಬಲ್ ಇದೆ. ಇದೆಲ್ಲದರ ಮೇಲೆ ಬಿಸಿ ಹೋಗದಂತೆ ಫೋಮ್ ಹೊದಿಕೆ, ಅದರ ಮೇಲೆ ಉಜ್ಜಿ ಹರಿಯದಂತೆ ಬಟ್ಟೆಯಂಥ ತೋಳು. ಅಂದರೆ ನೀವು ಕಾಲಿನಿಂದ ಒದ್ದು ಸರಿಸುವುದು ರಬ್ಬರ್ ಪೈಪನ್ನಲ್ಲ, ಒಂದು ವೈರಿಂಗ್ ಇರುವ ಯಂತ್ರವನ್ನು. ನಲ್ಲಿಗೆ ಹಾಕುವ ಪೈಪಿನ ಹಾಗೆ ಅದನ್ನು ನೋಡಿಕೊಂಡರೆ ಬಾಳಿಕೆ ಬರುವುದಿಲ್ಲ.

ಈಗ ಐಸೋ ವಿಚಾರ. ಇದರ ಬಗ್ಗೆ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನನ್ನ ದೊಡ್ಡ ನಷ್ಟ ಆಗಿದ್ದು ಇದರಲ್ಲೇ.

ಐಸೋಗೆ ನೀರು ಅಂದರೆ ಆಗುವುದಿಲ್ಲ. ನೀರು ಸುರಿಯಬೇಕಾಗಿಲ್ಲ, ಗಾಳಿಯಲ್ಲಿರುವ ತೇವವೇ ಸಾಕು. ನೀರು ಸೇರಿದರೆ ಎರಡು ಕೆಲಸ ಆಗುತ್ತದೆ. ಐಸೋ ಬಿಳಿ ಹರಳಿನ ಹಾಗೆ, ಆಮೇಲೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಜೊತೆಗೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಹುಟ್ಟುತ್ತದೆ. ಗಟ್ಟಿಯಾಗಿದ್ದನ್ನು ಕರಗಿಸುವ ಔಷಧಿ ಯಾವುದೂ ಇಲ್ಲ. ಯಾರೋ ಏನೋ ಲಿಕ್ವಿಡ್ ಕೊಡುತ್ತೇವೆ ಅಂದರೆ ನಂಬಬೇಡಿ. ಪೈಪಿನ ಒಳಗೆ ಐಸೋ ಕಲ್ಲಾಯಿತು ಅಂದರೆ ಆ ತುಂಡು ಮುಗಿಯಿತು.

ಒಂದು ಜುಲೈ ತಿಂಗಳು ಮಂಗಳೂರು ಕಡೆ ಕೆಲಸ ಇತ್ತು, ಮೀನಿನ ಕೋಲ್ಡ್ ರೂಮಿನ ಗೋಡೆ. ಆ ಕಡೆ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಅದರಲ್ಲೂ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಬೆಂಗಳೂರಲ್ಲಿ ಇಡೀ ವರ್ಷಕ್ಕೆ ಸುಮಾರು ಸಾವಿರ ಮಿಲಿಮೀಟರ್ ಆಸುಪಾಸು. ಅಲ್ಲಿನ ಗಾಳಿ ಹೇಗಿರುತ್ತದೆ ಅಂದರೆ, ತೊಳೆದು ಹಾಕಿದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಕೆಲಸ ಅರ್ಧಕ್ಕೆ ನಿಂತಿತು, ಸಿವಿಲ್‌ನವರು ಪ್ಲಾಸ್ಟರಿಂಗ್ ಮುಗಿಸಿರಲಿಲ್ಲ. ನಾವು ಪೈಪು ಬಿಚ್ಚಿ, ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ರಬ್ಬರ್ ಬ್ಯಾಂಡ್ ಹಾಕಿ ಊರಿಗೆ ಬಂದೆವು. ಕ್ಯಾಪ್ ಇರಲಿಲ್ಲ ಅಂತಲ್ಲ, ಟೂಲ್ ಬಾಕ್ಸ್‌ನ ತಳದಲ್ಲಿ ಎಲ್ಲೋ ಇದ್ದವು. ಸಂಜೆಯಾಗಿತ್ತು, ಮಳೆ ಹೊಡೆಯುತ್ತಿತ್ತು, ಯಾರೂ ಹುಡುಕಲಿಲ್ಲ. ಹನ್ನೆರಡು ದಿನ ಬಿಟ್ಟು ಹೋದರೆ ಐಸೋ ಪೈಪಿನ ಬಾಯಲ್ಲಿ ಬಿಳಿ ಕಲ್ಲು. ಬಾಯಿ ಕತ್ತರಿಸಿ ಒಳಗೆ ನೋಡಿದರೆ ಅಲ್ಲೂ ಅದೇ. ಎರಡು ತುಂಡು ಪೈಪು ಹೊಸದು ತರಿಸಬೇಕಾಯಿತು. ಆ ಸೈಟಿನಲ್ಲಿ ಸಿಗಬೇಕಿದ್ದ ಲಾಭವೆಲ್ಲ ಆ ಎರಡು ಬಾಯಿಗೆ ಹೋಯಿತು.

ಅವತ್ತಿನಿಂದ ನಮ್ಮಲ್ಲಿ ಕ್ಯಾಪ್ ಟೂಲ್ ಬಾಕ್ಸ್‌ಗೆ ಹೋಗುವುದಿಲ್ಲ. ಪ್ರತಿ ಪೈಪಿನ ಬಾಯಿಗೂ ಅದರದೇ ಕ್ಯಾಪ್, ಸಣ್ಣ ಸರಪಳಿಯಲ್ಲಿ ಪೈಪಿಗೇ ಕಟ್ಟಿರುತ್ತದೆ. ಲೋಹದ ಕ್ಯಾಪ್, ತಿರುಗಿಸಿ ಬಿಗಿ ಮಾಡುವಂಥದ್ದು. ಹಾಕುವ ಮೊದಲು ಥ್ರೆಡ್ ಒರೆಸಿ ಸ್ವಲ್ಪ ಗ್ರೀಸ್ ಹಚ್ಚುತ್ತೇವೆ. ಕ್ಯಾಪ್ ಕೈಗೆಟುಕುವ ಕಡೆ ಇಲ್ಲದಿದ್ದರೆ ಸಂಜೆ ಐದೂವರೆಗೆ ಯಾರೂ ಹುಡುಕುವುದಿಲ್ಲ. ಅದು ಸೋಮಾರಿತನ ಅಲ್ಲ, ಸುಸ್ತು. ಸುಸ್ತಾದವನಿಗೂ ಸರಿಯಾದ ಕೆಲಸವೇ ಸುಲಭ ಆಗುವ ಹಾಗೆ ನಾವು ಮಾಡಿಡಬೇಕು.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಅಮೆರಿಕದ ಪದ್ಧತಿಯಲ್ಲಿ 'ಎ' ಅಂದರೆ ಐಸೋ, 'ಬಿ' ಅಂದರೆ ಪಾಲಿಯೋಲ್. ಯುರೋಪ್ ಪದ್ಧತಿಯಲ್ಲಿ ಇದು ತಿರುಗುಮುರುಗು. ನಮ್ಮಲ್ಲಿ ಎರಡೂ ಕಡೆಯ ಕೆಮಿಕಲ್ ಬರುತ್ತದೆ, ಎರಡೂ ಕಡೆಯ ಮಷೀನ್ ಇದೆ. ಅದಕ್ಕೇ ಎ, ಬಿ ಅಂತ ಹೇಳಬೇಡಿ, ಐಸೋ, ಪಾಲಿಯೋಲ್ ಅಂತಲೇ ಹೇಳಿ. ಐಸೋಗೆ ಕೆಂಪು, ಪಾಲಿಯೋಲ್‌ಗೆ ನೀಲಿ. ಪೈಪಿಗೂ ಅದೇ ಬಣ್ಣ, ಕ್ಯಾಪಿಗೂ ಅದೇ, ಡ್ರಮ್ಮಿಗೂ ಅದೇ. ನಮ್ಮ ಹುಡುಗರು ಬಿಹಾರದವರು, ಒಡಿಶಾದವರು, ರಾಯಚೂರಿನವರು, ಬರೆದಿದ್ದನ್ನು ಎಲ್ಲರೂ ಓದಲಾರರು, ಬಣ್ಣ ಎಲ್ಲರಿಗೂ ಗೊತ್ತಾಗುತ್ತದೆ. ಒಳ್ಳೆಯ ಹೋಸ್‌ಗಳಲ್ಲಿ ಎರಡು ಕಡೆಯ ಫಿಟ್ಟಿಂಗ್ ಅಳತೆಯನ್ನೇ ಬೇರೆ ಮಾಡಿರುತ್ತಾರೆ, ಅದಲು ಬದಲು ಆಗಬಾರದು ಅಂತ. ಲೋಕಲ್‌ನಲ್ಲಿ ಅಡಾಪ್ಟರ್ ಮಾಡಿಸಿ ಎರಡನ್ನೂ ಒಂದೇ ಅಳತೆಗೆ ತರುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಒಂದು ಸಲ ಐಸೋ ಪೈಪನ್ನು ಪಾಲಿಯೋಲ್ ಬಾಯಿಗೆ ಹಾಕಿದರೆ ಪೈಪು ಮಾತ್ರವಲ್ಲ, ಪಂಪೂ ಹೋಗುತ್ತದೆ.

ಹೊಸದಾಗಿ ಬಂದವರಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಸ್ವಚ್ಛ ಮಾಡುವುದು ಅಂದರೆ ಖಾಲಿ ಮಾಡುವುದು ಅಂದುಕೊಳ್ಳುತ್ತಾರೆ. ಮನೆಯ ಪಾತ್ರೆಗೆ ಅದು ಸರಿ. ಈ ಪೈಪಿಗೆ ಖಾಲಿ ಇರುವುದೇ ದೊಡ್ಡ ಅಪಾಯ. ಐಸೋ ಹೊರಗೆ ಬಂದರೂ ಒಳಗಿನ ಗೋಡೆಗೆ ತೆಳ್ಳನೆಯ ಪದರ ಅಂಟಿಕೊಂಡೇ ಇರುತ್ತದೆ. ಐಸೋ ಇದ್ದ ಜಾಗಕ್ಕೆ ಈಗ ಗಾಳಿ ಬಂತು, ಗಾಳಿಯ ಜೊತೆ ತೇವ ಬಂತು. ಕೆಲವು ದಿನ, ಒಂದೆರಡು ವಾರ ಕೆಲಸ ಇಲ್ಲದಿದ್ದರೆ ಪೈಪಿನಲ್ಲಿ ಕೆಮಿಕಲ್ ತುಂಬಿಯೇ ಇರಲಿ. ಪ್ರೆಷರ್ ಇಳಿಸಿ, ಬಾಯಿ ಮುಚ್ಚಿ, ಹಾಗೇ ಇಡಿ. ಗಾಳಿಯ ಗುಳ್ಳೆ ಉಳಿಯಬಾರದು ಅಷ್ಟೇ.

ತಿಂಗಳುಗಟ್ಟಲೆ ನಿಲ್ಲಿಸಬೇಕಾದರೆ ಮಾತು ಬೇರೆ. ಪಾಲಿಯೋಲ್ ಬ್ಲೆಂಡ್‌ಗೆ ಸಾಮಾನ್ಯವಾಗಿ 3 ರಿಂದ 6 ತಿಂಗಳ ಆಯಸ್ಸು, ಡ್ರಮ್ ಮೇಲೆ ಬರೆದಿರುತ್ತದೆ. ಪೈಪಿನಲ್ಲಿರುವುದಕ್ಕೂ ಅದೇ ಆಯಸ್ಸು, ಅದನ್ನು ಮರೆಯುತ್ತೇವೆ. ಆಗ ಪೈಪನ್ನು ಖಾಲಿ ಮಾಡಿ, ನೀರಿನ ಅಂಶ ಇಲ್ಲದ ಪ್ಲಾಸ್ಟಿಸೈಜರ್ ಎಣ್ಣೆ ತುಂಬಿಸಿ ಬಾಯಿ ಮುಚ್ಚಬೇಕು. ನಮ್ಮಲ್ಲಿ ಡಿಒಪಿ ಸುಲಭವಾಗಿ ಸಿಗುತ್ತದೆ. ಎಷ್ಟು ಕೆಮಿಕಲ್ ದಂಡ ಆಗುತ್ತದೆ ಅಂತ ಹೆದರುತ್ತಾರೆ, ಅದಕ್ಕೆ ಲೆಕ್ಕ ಹಾಕಿದ್ದೇನೆ. ಮೂರು ಎಂಟಾಂಶ ಇಂಚಿನ ಹೋಸ್ 50 ಅಡಿಗೆ ಸುಮಾರು 1.1 ಲೀಟರ್ ಹಿಡಿಯುತ್ತದೆ. 200 ಅಡಿ ಅಂದರೆ ಒಂದೊಂದು ಕಡೆ ನಾಲ್ಕು ಚಿಲ್ಲರೆ ಲೀಟರ್. ಎರಡೂ ಸೇರಿ ಒಂಬತ್ತು ಲೀಟರ್ ಕೂಡ ಆಗುವುದಿಲ್ಲ, ಅದನ್ನೂ ಗನ್‌ನಲ್ಲಿ ಹೊಡೆದು ಮುಗಿಸಿದರೆ ಹೆಚ್ಚಿನದು ಗೋಡೆಗೇ ಹೋಗುತ್ತದೆ. ಒಂಬತ್ತು ಲೀಟರ್ ಕೆಮಿಕಲ್ ಎಲ್ಲಿ, ನಾಲ್ಕು ತುಂಡು ಪೈಪು ಎಲ್ಲಿ!

ತೊಳೆಯುವ ವಿಷಯಕ್ಕೆ ಬಂದಾಗ ಒಂದು ಎಚ್ಚರಿಕೆ ಕೊಡಲೇಬೇಕು. ನಮ್ಮ ಕೆಲಸದಲ್ಲಿ ಎಂಡಿಸಿ ಬಳಸುವವರು ಜಾಸ್ತಿ, ಮಿಥಿಲೀನ್ ಕ್ಲೋರೈಡ್. ಫೋಮನ್ನು ಚೆನ್ನಾಗಿ ಬಿಡಿಸುತ್ತದೆ, ನಿಜ. ಆದರೆ ಅಲ್ಯೂಮಿನಿಯಂ ಭಾಗ ಇರುವ ಮಷೀನ್‌ನಲ್ಲಿ ಅದನ್ನು ತುಂಬಿಸಿ ಪ್ರೆಷರ್ ಕೊಟ್ಟರೆ ಅಲ್ಯೂಮಿನಿಯಂ ಜೊತೆ ಅದು ರಿಯಾಕ್ಟ್ ಆಗಿ ಸಿಡಿಯಬಹುದು. ಮಷೀನಿನ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಇದನ್ನು ಬರೆದಿರುತ್ತಾರೆ. ಪೈಪು ತೊಳೆಯಲು ಪಂಪಿನ ಮೂಲಕ ಎಂಡಿಸಿ ಓಡಿಸಬೇಡಿ. ಒಂದು ಸಲ ಬಳಸಿ ಸೋಸಿದ ಸಾಲ್ವೆಂಟ್ ಅನ್ನು ಐಸೋ ಕಡೆಗೆ ಹಾಕಬೇಡಿ, ಅದರಲ್ಲಿ ನೀರು ಸೇರಿರುವ ಸಾಧ್ಯತೆ ಇದೆ.

ಸುತ್ತುವುದು ಹೇಗೆ?

ಇದನ್ನು ನನಗೆ ಕಲಿಸಿದ್ದು ಶಿರಸಿ ಕಡೆಯ ಒಬ್ಬ ಕೊನೆಗೌಡರು, ಅಡಿಕೆ ಮರ ಹತ್ತುವವರು. ಅಡಿಕೆ ತೋಟದಲ್ಲಿ ಮಳೆಗಾಲಕ್ಕೆ ಕೊಳೆ ಔಷಧಿ ಹೊಡೆಯುವುದು ನಿಮಗೆ ಗೊತ್ತಲ್ವಾ, ಮೈಲುತುತ್ತ ಸುಣ್ಣದ ಬೋರ್ಡೋ. ಮೋಟಾರ್ ಕೆಳಗೆ, ಮನುಷ್ಯ ಮರದ ಮೇಲೆ, ನಡುವೆ ನೂರಾರು ಅಡಿ ಪೈಪು. ಅವರು ನಮ್ಮ ಸೈಟಿಗೆ ಬೇಸಿಗೆಯಲ್ಲಿ ಹೆಲ್ಪರ್ ಆಗಿ ಬಂದಿದ್ದರು. ಮೊದಲ ದಿನ ನಾವು ಮೊಣಕೈಗೆ ಹಗ್ಗ ಸುತ್ತಿದ ಹಾಗೆ ಪೈಪು ಸುತ್ತುವುದನ್ನು ನೋಡಿ ಸುಮ್ಮನಿರಲಾರದೆ ಹೇಳಿದರು, "ತಮ್ಮಾ, ಪೈಪಿಗೆ ಹುರಿ ಹತ್ತುತ್ತದೆ. ನಾಳೆ ಬಿಚ್ಚುವಾಗ ಅದು ನಿನ್ನ ಮಾತು ಕೇಳುವುದಿಲ್ಲ."

ಹುರಿ ಅಂದರೆ ಹಗ್ಗ ಹೊಸೆಯುವಾಗ ಕೊಡುವ ತಿರುಚು. ಒಂದೇ ದಿಕ್ಕಿಗೆ ಸುತ್ತುತ್ತಾ ಹೋದರೆ ಪ್ರತಿ ಸುತ್ತಿಗೂ ಪೈಪಿನ ಮೈಯಲ್ಲಿ ಒಂದು ತಿರುಚು ಸೇರುತ್ತದೆ. ಬೆಳಿಗ್ಗೆ ಒಂದು ತುದಿ ಹಿಡಿದು ಎಳೆದಾಗ ಆ ತಿರುಚೆಲ್ಲ ಒಂದು ಕಡೆ ಸೇರಿ ಗಂಟಿನ ಹಾಗೆ ಮಡಚಿಕೊಳ್ಳುತ್ತದೆ. ಅಲ್ಲಿ ಒಳಗಿನ ತಾಮ್ರದ ತಂತಿ ಮುರಿಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಹೋಸ್ ಬಿಸಿಯಾಗುತ್ತಿಲ್ಲ ಅಂತ ನೀವು ಟ್ರಾನ್ಸ್‌ಫಾರ್ಮರ್ ಬಿಚ್ಚುತ್ತೀರಿ, ಬೋರ್ಡ್ ಬದಲಾಯಿಸುತ್ತೀರಿ, ತಪ್ಪು ಇರುವುದು ಹಿಂದಿನ ಸಂಜೆಯ ಸುತ್ತಿನಲ್ಲಿ.

ಅವರು ತೋರಿಸಿದ್ದು ನೆಲದ ಮೇಲೆ ಎಂಟರ ಆಕಾರದಲ್ಲಿ ಹಾಸುವುದು. ಒಂದು ಸುತ್ತು ಬಲಕ್ಕೆ, ಮುಂದಿನದು ಎಡಕ್ಕೆ, ನಡುವೆ ಒಂದರ ಮೇಲೆ ಒಂದು ದಾಟಿಸುವುದು. ಬಲದ ಸುತ್ತು ಕೊಟ್ಟ ಹುರಿಯನ್ನು ಎಡದ ಸುತ್ತು ಬಿಚ್ಚುತ್ತದೆ. ಬೆಳಿಗ್ಗೆ ಎಳೆದರೆ ಹರಿಯುವ ನೀರಿನ ಹಾಗೆ ಬರುತ್ತದೆ. ಗೋಡೌನ್‌ನಲ್ಲಿ ಜಾಗ ಇಲ್ಲದಿದ್ದರೆ ಸಿಂಬಿ ಸುತ್ತಿ, ಆದರೆ ಸಿಂಬಿ ಕನಿಷ್ಠ ನಾಲ್ಕು ಅಡಿ ಅಗಲ ಇರಲಿ, ಒಂದು ಸುತ್ತು ನೇರ, ಮುಂದಿನ ಸುತ್ತು ಕೈ ಮಗುಚಿ ಒಳಗಿನಿಂದ. ಮೊದಲ ವಾರ ಕಷ್ಟ ಅನಿಸುತ್ತದೆ, ಆಮೇಲೆ ಕೈಗೆ ತಾನಾಗಿ ಬರುತ್ತದೆ. ಚಿಕ್ಕದಾಗಿ, ಅಂದವಾಗಿ ಸುತ್ತಿಟ್ಟ ಪೈಪು ನೋಡಲು ಚೆಂದ, ಆದರೆ ಅದಕ್ಕೆ ಆಯಸ್ಸು ಕಡಿಮೆ.

ಸುತ್ತಿಟ್ಟ ಪೈಪಿಗೆ ಹೀಟರ್ ಹಾಕಬೇಡಿ. ಇದನ್ನು ಸೈಟಿನಲ್ಲಿ ದಿನಾ ನೋಡುತ್ತೇನೆ. 200 ಅಡಿ ಪೈಪಿದೆ, ಇವತ್ತಿನ ಕೆಲಸ 80 ಅಡಿಯೊಳಗೆ, ಉಳಿದದ್ದನ್ನು ಮಷೀನ್ ಪಕ್ಕ ಸಿಂಬಿ ಹಾಕಿ ಬಿಡುತ್ತಾರೆ. ಸೆನ್ಸರ್ ಇರುವುದು ಗನ್ ಹತ್ತಿರ ಒಂದು ಕಡೆ ಮಾತ್ರ. ಅಲ್ಲಿ ಪೈಪು ನೆಲದ ಮೇಲೆ ಒಂಟಿಯಾಗಿ ಗಾಳಿಗೆ ಬಿದ್ದಿದೆ, ಬಿಸಿ ಕಡಿಮೆ ತೋರಿಸುತ್ತದೆ. ಮಷೀನ್ ಇನ್ನಷ್ಟು ಕರೆಂಟ್ ಕೊಡುತ್ತದೆ. ಇಲ್ಲಿ ಸಿಂಬಿಯ ನಡುವಿನ ಸುತ್ತುಗಳು ಒಂದನ್ನೊಂದು ಕಾಯಿಸುತ್ತಾ ಕೂರುತ್ತವೆ, ಅಲ್ಲಿ ಎಷ್ಟು ಬಿಸಿ ಅಂತ ಹೇಳುವವರು ಯಾರೂ ಇಲ್ಲ. ಉಳಿದ ಪೈಪನ್ನು ಹಾವಿನ ಹಾಗೆ ಅಂಕುಡೊಂಕಾಗಿ ಹಾಸಿ, ಒಂದು ಸಾಲು ಇನ್ನೊಂದಕ್ಕೆ ತಾಗದಿರಲಿ. ಕೆಮಿಕಲ್ ಇಲ್ಲದ ಪೈಪಿಗಂತೂ ಹೀಟರ್ ಹಾಕಲೇಬೇಡಿ.

ಮೊದಲು ಫೋಮ್ ಉಬ್ಬಿಸಲು ಪಾಲಿಯೋಲ್‌ನಲ್ಲಿ ಎಚ್‌ಸಿಎಫ್‌ಸಿ 141ಬಿ ಎಂಬ ಕೆಮಿಕಲ್ ಬೆರೆಸಿರುತ್ತಿದ್ದರು, 2020ರ ಜನವರಿ 1ರಿಂದ ನಮ್ಮ ದೇಶದಲ್ಲಿ ಅದರ ಆಮದು ನಿಂತಿತು. ಓಜೋನ್ ಪದರ ಉಳಿಸಲು, ಒಳ್ಳೆಯ ಕೆಲಸ. ಆದರೆ ಆಮೇಲೆ ಬಂದ ನೀರಿನಿಂದ ಉಬ್ಬುವ ಪಾಲಿಯೋಲ್‌ಗಳು ಹಳೆಯದಕ್ಕಿಂತ ಮಂದ. ಡಿಸೆಂಬರ್ ಬೆಳಿಗ್ಗೆ ಬೆಂಗಳೂರಿನ ಚಳಿಯಲ್ಲಿ ಅದು ಜೇನುತುಪ್ಪದ ಹಾಗಿರುತ್ತದೆ. ಆತುರಕ್ಕೆ ಗನ್ ಒತ್ತಿದರೆ ಎರಡು ಕಡೆಯ ಪ್ರೆಷರ್ ಏರುಪೇರಾಗಿ ಒಂದು ಕೆಮಿಕಲ್ ಇನ್ನೊಂದರ ಬಾಯಿಗೆ ನುಗ್ಗುತ್ತದೆ. ಪೈಪು ಪೂರ್ತಿ ಹಾಸಿ, ಬಿಸಿ ಏರುವ ತನಕ ಕಾಯಿರಿ. ಆ ಹೊತ್ತಿಗೆ ಟೀ ಕುಡಿಯಬಹುದು.

ಈಗ ಸೈಟಿನಲ್ಲಿ ಪೈಪಿನ ಮೈ ಕಾಯುವುದು. ಶೀಟ್ ಚಾವಣಿಯ ಅಂಚು ಚಾಕು ಇದ್ದ ಹಾಗೆ. ಅದರ ಮೇಲೆ ಪೈಪು ಹಿಂದೆ ಮುಂದೆ ಎಳೆದರೆ ತೋಳು ಹರಿದು, ಫೋಮ್ ಹರಿದು, ಹೋಸ್ ತನಕ ಹೋಗಲು ಜಾಸ್ತಿ ದಿನ ಬೇಕಿಲ್ಲ. ನಾಲ್ಕು ಇಂಚಿನ ಪಿವಿಸಿ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ ಅಂಚಿಗೆ ಕಟ್ಟಿ, ಅದರ ಮೇಲೆ ಪೈಪು ಜಾರಲಿ. ಪ್ಯಾರಪೆಟ್‌ಗೆ ಹಳೆಯ ಟೈರಿನ ತುಂಡು ಸಾಕು. ಎತ್ತರದ ಕಟ್ಟಡದಲ್ಲಿ ಪೈಪಿನ ತುದಿಯನ್ನೇ ಹಿಡಿದು ಮೇಲಕ್ಕೆ ಎಳೆಯಬೇಡಿ. ಕೆಮಿಕಲ್ ತುಂಬಿದ ಅಷ್ಟೂ ಪೈಪಿನ ಭಾರ ಮೇಲಿನ ಒಂದು ಫಿಟ್ಟಿಂಗ್ ಮೇಲೆ ಬೀಳುತ್ತದೆ. ಬೇರೆ ಹಗ್ಗ ಇಳಿಬಿಟ್ಟು, ಹತ್ತು ಅಡಿಗೊಂದು ಕಡೆ ಅಗಲ ಪಟ್ಟಿಯಿಂದ ಪೈಪನ್ನು ಹಗ್ಗಕ್ಕೆ ಕಟ್ಟಿ. ಭಾರ ಹಗ್ಗ ಹೊರಲಿ.

ಗನ್ ಕಡೆಯ ಮೊದಲ ಹದಿನೈದು ಅಡಿಗೆ ಫೋಮ್ ಹಾರಿ ಅಂಟಿಕೊಳ್ಳುತ್ತದೆ. ದಿನದಿಂದ ದಿನಕ್ಕೆ ಪೈಪು ದಪ್ಪ ಆಗುತ್ತದೆ, ಆಮೇಲೆ ಯಾರೋ ಕಟರ್ ತೆಗೆದುಕೊಂಡು ಸೌತೆಕಾಯಿ ಸಿಪ್ಪೆ ಹೆರೆದ ಹಾಗೆ ಹೆರೆಯುತ್ತಾರೆ. ಆ ಕಟರ್ ಒಂದು ದಿನ ತೋಳಿನ ಒಳಗೆ ಹೋಗುತ್ತದೆ. ಬೆಳಿಗ್ಗೆಯೇ ಆ ಭಾಗಕ್ಕೆ ತೆಳ್ಳನೆಯ ಪ್ಯಾಕಿಂಗ್ ಪ್ಲಾಸ್ಟಿಕ್ ಸುತ್ತಿಬಿಡಿ, ಸಂಜೆ ಬಿಚ್ಚಿ ಬಿಸಾಡಿ.

ಬಿಸಿಲು ಇನ್ನೊಂದು. ಏಪ್ರಿಲ್‌ನಲ್ಲಿ ಕಲಬುರಗಿ ಕಡೆ ಶೀಟಿನ ಮೇಲೆ ಕೈ ಇಡಲಾಗುವುದಿಲ್ಲ. ಎರಡೂ ತುದಿ ಮುಚ್ಚಿ, ಕೆಮಿಕಲ್ ತುಂಬಿ, ಪ್ರೆಷರ್ ಇಳಿಸದೆ ಊಟಕ್ಕೆ ಹೋದರೆ ಒಳಗಿನ ದ್ರವ ಬಿಸಿಗೆ ಹಿಗ್ಗುತ್ತದೆ. ಹಿಗ್ಗಲು ಜಾಗ ಇಲ್ಲದಿದ್ದರೆ ಒತ್ತಡ ಏರುತ್ತದೆ. ಊಟಕ್ಕೆ ಹೋಗುವ ಮೊದಲು ಮಷೀನಿನ ವಾಲ್ವ್ ಅನ್ನು ಡ್ರಮ್ ಕಡೆಗೆ ತಿರುಗಿಸಿ ಪ್ರೆಷರ್ ಇಳಿಸಿ, ಪೈಪಿನ ಮೇಲೆ ಗೋಣಿಚೀಲ ಹಾಸಿ. ಬಿಸಿಲಿನಲ್ಲೇ ತಿಂಗಳುಗಟ್ಟಲೆ ಬಿದ್ದ ಹೋಸ್ ಹೊರಮೈ ಬಿರುಕು ಬಿಡುತ್ತದೆ, ಅದು ನಿಮಗೆಲ್ಲ ಗೊತ್ತಿರುವುದೇ.

ಈ ಬಿರುಕು, ಈ ಮಡಿಕೆ ಯಾಕೆ ಮುಖ್ಯ ಅಂದರೆ, ಅದರ ಕೊನೆ ಮನುಷ್ಯನ ಕೈಯಲ್ಲಿ ಆಗುತ್ತದೆ.

ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ ಪೈಪಿನ ಒಂದು ಕಡೆ ಒದ್ದೆ ಕಂಡು ಎಲ್ಲಿ ಸೋರುತ್ತಿದೆ ಅಂತ ಬೆರಳಿನಿಂದ ಸವರಿ ನೋಡಿದ. ಮಷೀನ್ ಆನ್ ಇತ್ತು. ಬೆರಳಿನಲ್ಲಿ ಸೂಜಿ ಚುಚ್ಚಿದಷ್ಟು ಗಾಯ, ರಕ್ತವೂ ಬರಲಿಲ್ಲ. ಬ್ಯಾಂಡೇಜ್ ಹಾಕಿಕೊಂಡು ಕೆಲಸ ಮುಂದುವರಿಸಿದ. ರಾತ್ರಿಯೊಳಗೆ ಕೈ ಊದಿ ನೀಲಿಯಾಯಿತು. ಕೆಮಿಕಲ್ ಚರ್ಮದ ಕೆಳಗೆ ಹೋಗಿ ಬೆರಳಿನ ಉದ್ದಕ್ಕೂ ಹರಡಿತ್ತು. ಎರಡು ಆಪರೇಷನ್ ಆಯಿತು. ಬೆರಳು ಉಳಿಯಿತು, ಮಡಚಲು ಬರುವುದಿಲ್ಲ. ಅವನು ಈಗ ಗನ್ ಹಿಡಿಯುವುದಿಲ್ಲ.

100 ಪಿಎಸ್‌ಐ ಒತ್ತಡವೇ ಚರ್ಮವನ್ನು ತೂತು ಮಾಡಬಲ್ಲದು. ನಮ್ಮದು ಅದರ ಹತ್ತು ಹದಿನೈದು ಪಟ್ಟು. ದಯವಿಟ್ಟು ಇದನ್ನು ನೆನಪಿಡಿ: ಸೋರುವ ಜಾಗವನ್ನು ಕೈಯಿಂದ ಮುಟ್ಟಬೇಡಿ, ಗ್ಲೋವ್ಸ್ ಹಾಕಿಕೊಂಡೂ ಮುಟ್ಟಬೇಡಿ. ಮಷೀನ್ ನಿಲ್ಲಿಸಿ, ಪ್ರೆಷರ್ ಇಳಿಸಿ, ಆಮೇಲೆ ನೋಡಿ. ಯಾರಿಗಾದರೂ ಚುಚ್ಚಿದರೆ ಗಾಯ ಎಷ್ಟೇ ಚಿಕ್ಕದಿರಲಿ ತಕ್ಷಣ ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೆಮಿಕಲ್ ಜೊತೆ ಬರುವ ಸುರಕ್ಷತಾ ಹಾಳೆಯನ್ನೂ ಒಯ್ಯಿರಿ. ಡಾಕ್ಟರಿಗೆ "ಗಾಯ ಆಗಿದೆ" ಅಂತ ಹೇಳಬೇಡಿ, "ಹೈ ಪ್ರೆಷರ್‌ನಲ್ಲಿ ಕೆಮಿಕಲ್ ಕೈಯೊಳಗೆ ಹೊಕ್ಕಿದೆ" ಅಂತ ಹೇಳಿ. ಆ ಎರಡು ಮಾತಿನ ವ್ಯತ್ಯಾಸದಲ್ಲಿ ಒಂದು ಕೈ ಇದೆ.

ಪೈಪು ಒಡೆದು ಐಸೋ ನೆಲಕ್ಕೆ ಚೆಲ್ಲಿದರೆ ಮೊದಲು ಮಾಸ್ಕ್ ಹಾಕಿಕೊಳ್ಳಿ, ಅದರ ಆವಿ ಕೆಲವರಿಗೆ ಜೀವನಪೂರ್ತಿ ಉಳಿಯುವ ಅಸ್ತಮಾ ತರುತ್ತದೆ. ಮರಳು ಅಥವಾ ಮರದ ಹೊಟ್ಟು ಹಾಕಿ ತೆಗೆಯಿರಿ. ಆಮೇಲೆ 100 ಲೀಟರ್ ನೀರಿಗೆ 5 ರಿಂದ 10 ಕಿಲೋ ವಾಷಿಂಗ್ ಸೋಡಾ, ಸ್ವಲ್ಪ ಲಿಕ್ವಿಡ್ ಸೋಪ್, ಇದೇ ಲೆಕ್ಕದಲ್ಲಿ ಬೇಕಾದಷ್ಟು ಕಲಸಿ ಆ ಜಾಗಕ್ಕೆ ಹಾಕಿ. ತೆಗೆದ ಹೊಟ್ಟನ್ನು ಡಬ್ಬದಲ್ಲಿ ಬಿಗಿಯಾಗಿ ಮುಚ್ಚಬೇಡಿ, ಆಗಲೇ ಹೇಳಿದೆನಲ್ಲ, ಗ್ಯಾಸ್ ಹುಟ್ಟುತ್ತದೆ, ಡಬ್ಬ ಸಿಡಿಯುತ್ತದೆ.

ಕೊನೆಯದಾಗಿ ಕೂಲಿಯ ಮಾತು. ಇಲ್ಲಿರುವ ಕಂಟ್ರಾಕ್ಟರ್‌ಗಳಿಗೆ ನಾನು ಕೈಮುಗಿದು ಹೇಳುತ್ತೇನೆ. ಪೈಪು ಸುತ್ತುವವನು ಯಾರು? ಸೈಟಿನಲ್ಲಿ ಎಲ್ಲರಿಗಿಂತ ಕಡಿಮೆ ಕೂಲಿ ಪಡೆಯುವ, ಮೊನ್ನೆ ಮೊನ್ನೆ ಬಂದ ಹುಡುಗ. ಅವನಿಗೆ ಯಾರೂ ಏನೂ ಹೇಳಿಕೊಟ್ಟಿಲ್ಲ. ಅವನು ಸುತ್ತುವುದು ಯಾವಾಗ? ಐದೂವರೆಗೆ ಲೆಕ್ಕ ಮುಗಿದ ಮೇಲೆ, ಉಳಿದವರು ಟೆಂಪೋದಲ್ಲಿ ಕೂತು "ಬೇಗ ಬಾರೋ" ಅಂತ ಕೂಗುತ್ತಿರುವಾಗ. ನಮ್ಮಲ್ಲಿರುವ ಅತ್ಯಂತ ಬೆಲೆಬಾಳುವ ಸಾಮಾನಿನಲ್ಲಿ ಒಂದನ್ನು ನಾವು ಹೀಗೆ ಅವನ ಕೈಗೆ ಬಿಡುತ್ತೇವೆ. ಹಾಳಾದರೆ ಅವನಿಗೇ ಬೈಯುತ್ತೇವೆ.

ನಾನು ಎರಡು ಬದಲಾವಣೆ ಮಾಡಿದೆ. ಐದಕ್ಕೆ ಸ್ಪ್ರೇ ನಿಲ್ಲಿಸುತ್ತೇವೆ, ಐದರಿಂದ ಐದೂವರೆ ಪೈಪಿನ ಹೊತ್ತು, ಅದು ಕೂಲಿಯ ಒಳಗೇ. ಗನ್ ಹಿಡಿಯುವವನೂ ಬಂದು ಒಂದು ತುದಿ ಹಿಡಿಯಬೇಕು. ಇನ್ನೊಂದು, ಪೈಪಿಗೆ ಒಬ್ಬ ಜವಾಬ್ದಾರ ಇರುತ್ತಾನೆ, ಅವನಿಗೆ ದಿನಕ್ಕೆ ಸ್ವಲ್ಪ ಹೆಚ್ಚು ಕೊಡುತ್ತೇನೆ. ಪೈಪು ಸುತ್ತುವಾಗ ಇಡೀ ಉದ್ದ ಅವನ ಕೈಯೊಳಗೆ ಹಾದುಹೋಗುತ್ತದೆ. ಪ್ರೆಷರ್ ಇಳಿದಿರುತ್ತದೆ, ಆಗ ಮುಟ್ಟಿ ನೋಡಬಹುದು. ಎಲ್ಲಿ ತೋಳು ಹರಿದಿದೆ, ಎಲ್ಲಿ ಉಬ್ಬಿದೆ, ಯಾವ ಕರೆಂಟ್ ಜಾಯಿಂಟ್ ಹತ್ತಿರ ಟೇಪ್ ಕಪ್ಪಾಗಿದೆ, ಅವನಿಗೆ ಮೊದಲು ಗೊತ್ತಾಗುತ್ತದೆ. ಹೀಟರ್‌ನಲ್ಲಿ ಹರಿಯುವುದು ಕಡಿಮೆ ವೋಲ್ಟೇಜ್, ಆದರೆ ಜಾಸ್ತಿ ಕರೆಂಟ್, ಸಡಿಲವಾದ ಜಾಯಿಂಟ್ ಅಲ್ಲೇ ಸುಡುತ್ತದೆ. ಅವನು "ಇವತ್ತು ಈ ತುಂಡು ಬೇಡ" ಅಂದರೆ ಅದು ಬೇಡ. ನಾನೂ ಎದುರು ಮಾತಾಡುವುದಿಲ್ಲ.

ಆಮೇಲೆ ಪ್ರಶ್ನೆಗಳು ಬಂದವು.

ದಾವಣಗೆರೆಯಿಂದ ಬಂದಿದ್ದವರೊಬ್ಬರು ಕೇಳಿದರು: "ಅಣ್ಣಾ, ನಮ್ಮ ಗೋಡೌನ್‌ನಲ್ಲಿ ಇಲಿ ಕಾಟ. ಪೈಪಿನ ಫೋಮ್ ಕಡಿದು ಗೂಡು ಕಟ್ಟುತ್ತವೆ. ಏನು ಮಾಡೋದು?" ನನ್ನ ಗೋಡೌನ್‌ನಲ್ಲೂ ಆಗಿದೆ. ಮೊಳೆಗೆ ನೇತು ಹಾಕಿದರೆ ಇಲಿ ತಪ್ಪುತ್ತದೆ, ಆದರೆ ಮೊಳೆಯ ಮೇಲೆ ಪೈಪು ಮಡಚಿಕೊಳ್ಳುತ್ತದೆ. ನಾನು ಮರದ ಪ್ಯಾಲೆಟ್ ಮೇಲೆ ವೆಲ್ಡ್ ಮೆಷ್‌ನ ಪೆಟ್ಟಿಗೆ ಮಾಡಿಸಿದೆ, ಐದು ಅಡಿಗೆ ಐದು ಅಡಿ, ಅರ್ಧ ಇಂಚಿನ ಕಣ್ಣು, ಮೇಲೆ ಬಾಗಿಲು. ನೆಲದ ತೇವವೂ ತಾಗುವುದಿಲ್ಲ. ಅದರ ಮೇಲೆ ಡ್ರಮ್ ಇಡದ ಹಾಗೆ ನೋಡಿಕೊಳ್ಳಬೇಕು ಅಷ್ಟೇ.

"ಸಣ್ಣ ತೂತಾದರೆ ಕ್ಲಿಪ್ ಹಾಕಿ, ಟೇಪ್ ಸುತ್ತಿ ಆ ದಿನ ದೂಡಬಹುದಾ?" ಆಗುವುದಿಲ್ಲ. ತೋಳು ಹರಿದರೆ ಹೊಲಿಯಿರಿ, ಟೇಪ್ ಹಾಕಿ. ಹೀಟರ್ ತಂತಿಯನ್ನು ತಿಳಿದವರಿಂದ ರಿಪೇರಿ ಮಾಡಿಸಿ. ಪ್ರೆಷರ್ ಹೋಸ್‌ಗೆ ಮಾತ್ರ ರಿಪೇರಿ ಇಲ್ಲ, ಆ ತುಂಡು ಬದಲಾಯಿಸಬೇಕು. ಪೈಪು 50 ಅಡಿಯ ತುಂಡುಗಳಲ್ಲಿ ಬರುವುದರ ಲಾಭವೇ ಅದು. ಒಂದು ತುಂಡು ಗೋಡೌನ್‌ನಲ್ಲಿ ಹೆಚ್ಚಿಗೆ ಇಟ್ಟುಕೊಂಡಿರಿ.

ಒಬ್ಬ ಹೆಲ್ಪರ್ ಹುಡುಗ ಕೈ ಎತ್ತಿದ. "ಸರ್, ಹಳೆ ಪೈಪು ಮನೆಗೆ ಒಯ್ಯಬಹುದಾ? ತೋಟಕ್ಕೆ ನೀರು ಬಿಡೋಕೆ." ಬೇಡಪ್ಪಾ. ಎಷ್ಟು ತೊಳೆದರೂ ಒಳಗೆ ಐಸೋ ಉಳಿದಿರುತ್ತದೆ. ಗುಜರಿಗೆ ಹಾಗೇ ಕೊಡುವುದೂ ಸರಿಯಲ್ಲ, ಅದು ಇನ್ನೊಬ್ಬರ ಸೈಟಿಗೆ ಸೆಕೆಂಡ್ ಹ್ಯಾಂಡ್ ಅಂತ ಹೋಗಿ ಅಲ್ಲಿ ಯಾರೋ ಅದಕ್ಕೆ 1,200 ಪಿಎಸ್‌ಐ ಕೊಡುತ್ತಾರೆ. ನಾವು ಫಿಟ್ಟಿಂಗ್ ಬಿಚ್ಚಿಕೊಂಡು, ತಾಮ್ರದ ತಂತಿ ಎಳೆದುಕೊಂಡು, ಹೋಸ್ ಅನ್ನು ಒಂದೊಂದು ಮೀಟರ್‌ಗೆ ಕತ್ತರಿಸುತ್ತೇವೆ. ಆ ತುಂಡುಗಳು ಖಾಲಿ ಐಸೋ ಡ್ರಮ್‌ಗಳ ಜೊತೆಗೇ ಹೋಗುತ್ತವೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇರುವವರ ಕಡೆಗೆ. ತಾಮ್ರ ಮಾರಿದ ದುಡ್ಡು ಪೈಪಿನ ಜವಾಬ್ದಾರ ಹುಡುಗನಿಗೆ. ಇದನ್ನು ಕೇಳಿ ಆ ಹುಡುಗ ತನ್ನ ಕಂಟ್ರಾಕ್ಟರ್ ಕಡೆ ತಿರುಗಿ ನೋಡಿದ, ಅವರು ಆಗಲಿ ಎಂದು ತಲೆಯಾಡಿಸಿದರು.